ಕಾವಲಿನಲ್ಲಿ ಕಾಣೆಯಾದ ಕ್ಯಾರವಾನ್

ಕೃಷ್ಣಮೃಗ ನೋಡಿಕೊಂಡು ಬರುವಷ್ಟರಲ್ಲಿ ಮನೆಯೇ ಮಾಯವಾಗಿತ್ತು.

ಮನೆ ಎಂದರೆ ಚಕ್ರದ ಮೇಲಿನ ಮನೆ. ಮೈಸೂರಿನ ಹೃಷಿಕೇಶ, ಶ್ರೀವಿದ್ಯಾ ದಂಪತಿ ಊರೂರು ಸುತ್ತುತ್ತಿದ್ದ ಬಿಳಿ ಕ್ಯಾರವಾನ್. ಒಳಗೆ ಹಾಸಿಗೆ, ಒಲೆ, ಫ್ರಿಜ್. ನೆತ್ತಿಯ ಮೇಲೆ ಸೋಲಾರ್. ಅಜ್ಜಂಪುರದಾಚೆ ಅಮೃತಮಹಲ್ ದನಗಳ ಮೇವಿಗೆ ಬಿಟ್ಟ ಕಾವಲು ಶುರುವಾಗುವ ಅಂಚಿನಲ್ಲಿ, ಬೀಳು ಬಿದ್ದ ಹೊಲವೊಂದರ ಜಾಲಿ ಮರದ ಪಕ್ಕ ಅದನ್ನು ನಿಲ್ಲಿಸಿದ್ದರು. ಬೆಳಗ್ಗೆ ದುರ್ಬೀನು ಹಿಡಿದು ಗಂಡ ಹೆಂಡತಿ ಹುಲ್ಲುಗಾವಲಿನೊಳಗೆ ನಡೆದು ಹೋಗಿದ್ದರು. ವಾಪಸ್ಸು ಬಂದಾಗ ಜಾಲಿ ಮರವಿತ್ತು, ಅದರ ನೆರಳೂ ಇತ್ತು. ನೆರಳಿನಲ್ಲಿ ಕ್ಯಾರವಾನ್ ಇರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ತರನ್ನುಮ್ ಜೀಪಿನಿಂದ ಇಳಿದಾಗ ಹೃಷಿಕೇಶ ಮೊಬೈಲ್ ಹಿಡಿದುಕೊಂಡು ಅದೇ ಬರಿ ನೆಲದ ಮೇಲೆ ಸುತ್ತು ಹಾಕುತ್ತಿದ್ದ.

"ನೋಡಿ ಮೇಡಂ! ಟ್ರ್ಯಾಕರ್ ಪ್ರಕಾರ ಗಾಡಿ ಇಲ್ಲೇ ಇದೆ. ನಾನು ನಿಂತಿರೋ ಜಾಗದಲ್ಲೇ!"

"ಹಾಗಾದರೆ ಟ್ರ್ಯಾಕರ್ ಇಲ್ಲೇ ಇದೆ," ಎಂದಳು ತರನ್ನುಮ್. "ಈರಭದ್ರಪ್ಪನೋರೇ, ಹುಡುಕಿ."

ಹೆಡ್ ಕಾನ್ಸ್‌ಟೆಬಲ್ ಈರಭದ್ರಪ್ಪನಿಗೆ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಚಪ್ಪಟೆ ಕಲ್ಲಿನ ಕೆಳಗೆ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ ಸಿಕ್ಕಿತು. ಅದರ ಹಸಿರು ದೀಪ ಇನ್ನೂ ಮಿನುಗುತ್ತಿತ್ತು. ಪಕ್ಕದಲ್ಲೇ ಒಡೆದ ಪ್ಲಾಸ್ಟಿಕ್ ಮುಚ್ಚಳ.

"ಕಳ್ಳ ನನ್ಮಗ ಬಿಚ್ಚಿಟ್ಟೇ ಹೋಗವ್ನೆ ಮೇಡಂ," ಎಂದ ಈರಭದ್ರಪ್ಪ.

ತರನ್ನುಮ್ ಮುಚ್ಚಳ ಎತ್ತಿಕೊಂಡಳು. ಅವಳ ಕಣ್ಣು ನೆಲದ ಮೇಲಿನ ಇನ್ನೊಂದು ವಸ್ತುವಿನ ಮೇಲಿತ್ತು. ವ್ಯಾನಿನ ಪಕ್ಕಕ್ಕೆ ಕಟ್ಟಿ, ನಾಲ್ಕು ಗೂಟಕ್ಕೆ ಬಿಗಿದಿದ್ದ ಬಿಸಿಲ ಚಪ್ಪರದ ಬಟ್ಟೆ. ಈಗ ಅರ್ಧಕ್ಕೆ ಹರಿದು ಬಿದ್ದಿತ್ತು. ಎರಡು ಗೂಟಗಳನ್ನು ಕಿತ್ತು, ಹಗ್ಗ ಸುತ್ತಿ, ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದರು. ಉಳಿದೆರಡು ಬಾಗಿ, ಮಣ್ಣು ಸಮೇತ ಕಿತ್ತು ಬಂದು, ದೂರದಲ್ಲಿ ಬಿದ್ದಿದ್ದವು.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ನಾಲ್ಕನ್ನೂ ನೋಡಿದಳು. ಆಮೇಲೆ ಎದ್ದು ಸುತ್ತ ಕಣ್ಣಾಡಿಸಿದಳು. ಅಲ್ಲಿಂದ ಹೊರಡಲು ಇದ್ದದ್ದು ಮೂರೇ ದಾರಿ. ಒಂದು ಅಜ್ಜಂಪುರಕ್ಕೆ. ಒಂದು ಶಿವನಿ ಎಂಬ ಊರಿಗೆ. ಇನ್ನೊಂದು ಹುಲ್ಲಿನಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿ, ದಿಬ್ಬ ದಾಟಿ ಕೆಳಗಿಳಿಯುವ ಹಳೆಯ ಗಾಡಿ ಜಾಡು. ನೆಲ ಕಲ್ಲಿನಂತೆ ಗಟ್ಟಿ. ಚಕ್ರದ ಗುರುತು ನಾಲ್ಕು ಮಾರಿನಾಚೆ ಕಾಣಿಸುತ್ತಿರಲಿಲ್ಲ.

"ಈ ಜಾಗ ಯಾರು ತೋರಿಸಿದ್ದು?"

"ಸೈಫುಲ್ಲಾ ಅಂತ. ಅವರದೇ ಹೊಲ," ಎಂದಳು ಶ್ರೀವಿದ್ಯಾ. ಅವಳು ದಂತವೈದ್ಯೆ, ಗಂಡನಿಗಿಂತ ಗಟ್ಟಿಯಾಗಿ ನಿಂತಿದ್ದಳು. "ನಾವು ಹುಷಾರಾಗೇ ಇರ್ತೀವಿ ಮೇಡಂ. ಗೊತ್ತಿಲ್ಲದ ಕಡೆ ಒಂಟಿಯಾಗಿ ತಂಗಲ್ಲ. ಜಮೀನಿನವರನ್ನ ಕೇಳದೆ ನಿಲ್ಲಿಸಲ್ಲ. ಬಾಗಿಲಿಗೆ ನಂಬರ್ ಲಾಕ್ ಇದೆ. ಎಲ್ಲಿದೀವಿ ಅಂತ ಫೇಸ್‌ಬುಕ್ಕಿಗೂ ಹಾಕಲ್ಲ. ಇಲ್ಲಿ ಇನ್ನೊಂದು ವ್ಯಾನ್ ಇತ್ತು ಅಂತಾನೇ ಧೈರ್ಯವಾಗಿ ಬಿಟ್ಟು ಹೋದ್ವಿ."

ಇನ್ನೊಂದು ವ್ಯಾನ್ ಅಜ್ಜಂಪುರದ ದಾರಿ ಶುರುವಾಗುವಲ್ಲಿ, ಹುಣಸೆ ಮರದ ಕೆಳಗೆ, ಕೂಗಳತೆಯಲ್ಲಿ ನಿಂತಿತ್ತು. ಹಸಿರು ಬಣ್ಣ, ಹಿಂದೆ ಬೈಕು ಕಟ್ಟಿದ್ದರು.

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಸೈಫುಲ್ಲಾ ಇಳಿಯುವ ಮೊದಲೇ ಶುರುಮಾಡಿದ.

"ಆಪಾ, ಬೆಳಗ್ಗೆ ಟ್ಯಾಂಕರ್ ತಂದು ಗಾಡಿಗೆ ನೀರು ತುಂಬ್ಸಿ ಹೋದೋನು ನಾನು. ಊರಲ್ಲಿ ಆಗ್ಲೇ ನನ್ ಹೆಸ್ರು ಹೇಳ್ತಾವ್ರೆ. ನನ್ನೇ ಹಿಡ್ಕೊಂಡ್ಹೋಯ್ತೀರಾ?"

ಆಪಾ, ಅಂದರೆ ಅಕ್ಕ, ಎಂದು ಕರೆದು ದಖ್ನಿ ಉರ್ದುವಿನಲ್ಲಿ ಮುಂದುವರಿಸಲು ಹೊರಟವನನ್ನು ತರನ್ನುಮ್ ತಡೆದಳು. ತರೀಕೆರೆಯ ಅವಳ ತವರಿನಲ್ಲಿ ಇವನ ತಾಯಿ ಅಮೀನಾಬಿಯ ಪರಿಚಯವಿತ್ತು. ಅದಕ್ಕೇ, ಪರಿಚಯದವನೆಂದು ಬಿಟ್ಟಳು ಅನ್ನಿಸದಂತೆ, ಇವನ ಮಾತು ಎಲ್ಲರ ಕಿವಿಗೂ ಬೀಳಬೇಕಿತ್ತು.

"ಕನ್ನಡದಲ್ಲೇ ಹೇಳು. ನೀನು ಬಂದಾಗ ಗಾಡಿ ಇತ್ತಾ?"

"ಇತ್ತು. ಇವರಿಬ್ರೂ ದುರ್ಬೀನು ನೇತಾಕ್ಕೊಂಡು ಹೊರಡ್ತಾ ಇದ್ರು. ನೀರು ತುಂಬ್ಸಿ ನಾನೂ ಹೋದೆ. ಮನೇಲಿ ಕಡ್ಲೆ ಒಕ್ಕಣೆ, ಹತ್ತು ಜನ ಆಳು ನೋಡವ್ರೆ, ಕೇಳಿ."

"ಟ್ರ್ಯಾಕರ್ ಎಲ್ಲಿತ್ತು ಅಂತ ಗೊತ್ತಾ?"

"ಹಂಗಂದ್ರೇನಪ್ಪಾ?" ಸೈಫುಲ್ಲಾ ಈರಭದ್ರಪ್ಪನ ಮುಖ ನೋಡಿದ.

ಟ್ರ್ಯಾಕರ್ ಕೂರಿಸಿದ್ದು ಕಡೂರಿನ ವರ್ಕ್‌ಶಾಪ್ ಮಾಲೀಕ ಚಂದ್ರಕುಮಾರ್. ತರನ್ನುಮ್ ಅವನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. ಆ ಕಡೆಯಿಂದ ಗ್ರೈಂಡರ್ ಸದ್ದು.

"ಹಿಂದಿನ ಮೆಟ್ಟಿಲ ಒಳಗೆ, ಬಲಗಡೆ ಮುಚ್ಚಳದ ಹಿಂದೆ ಕೂರ್ಸಿದೀನಿ ಮೇಡಂ. ಯಾಕೆ? ಏನಾಯ್ತು?"

"ಎಡಗಡೆ ಮುಚ್ಚಳದ ಹಿಂದೆ ಏನಿದೆ?"

"ಏನೂ ಇಲ್ಲ. ಖಾಲಿ."

ತರನ್ನುಮ್ ಒಡೆದ ಮುಚ್ಚಳ ತಿರುಗಿಸಿದಳು. ಒಳಬದಿಯಲ್ಲಿ ಎಡ ಎಂದು ಸೂಚಿಸುವ ಅಕ್ಷರ ಅಚ್ಚಾಗಿತ್ತು. ಕೂರಿಸಿದವನೇ ಕದಿಯಲು ಬಂದಿದ್ದರೆ ಖಾಲಿ ಕಡೆಯ ಮುಚ್ಚಳ ಒಡೆಯುತ್ತಿರಲಿಲ್ಲ. 'ಮೆಟ್ಟಿಲ ಹತ್ತಿರ ಇದೆ' ಎಂದಷ್ಟೇ ಗೊತ್ತಿದ್ದವನ ಕೆಲಸ ಇದು.

"ಆಯ್ತು ಚಂದ್ರಕುಮಾರ್, ಕೆಲಸ ಮುಂದುವರಿಸಿ," ಎಂದು ಫೋನ್ ಇಟ್ಟಳು.

ಹಸಿರು ವ್ಯಾನಿನವನು ತಾನಾಗೇ ನಡೆದು ಬಂದ. ವಿಶ್ರುತ್ ಎಂದು ಹೆಸರು. ಮೂವತ್ತರ ಆಸುಪಾಸು, ನಗುಮುಖ. ಒಂಟಿ ದಾರಿಗಳಲ್ಲಿ ಕ್ಯಾರವಾನ್‌ನವರು ಸುರಕ್ಷಿತವಾಗಿರುವುದು ಹೇಗೆ ಎಂದು ಯೂಟ್ಯೂಬಿನಲ್ಲಿ ಹೇಳಿಕೊಡುತ್ತಿದ್ದವನು.

"ನನಗೇ ನಾಚಿಕೆ ಆಗ್ತಿದೆ ಮೇಡಂ. ನಾನು ಇಲ್ಲೇ ಇದ್ದು ಹೀಗಾಯ್ತಲ್ಲ!"

"ಏನು ನೋಡಿದ್ರಿ?"

"ಒಳಗೆ ಎಡಿಟಿಂಗ್ ಮಾಡ್ತಿದ್ದೆ. ಇಂಜಿನ್ ಸದ್ದು ಕೇಳಿಸ್ತು. ಏಳೋವಷ್ಟರಲ್ಲಿ ಗಾಡಿ ಹೊರಟಿತ್ತು. ಕಿಟಕಿಯಿಂದ ನೋಡಿದಾಗ ಗಾಡಿಯ ಹಿಂಭಾಗ ಕಾಣಿಸ್ತು, ಅಷ್ಟೇ. ಶಿವನಿ ಕಡೆ ತಿರುಗಿತು."

"ಎಷ್ಟು ಜನ ಇದ್ದ ಹಾಗಿತ್ತು?"

"ಒಬ್ರೇ ಇದ್ರು ಅನ್ಸುತ್ತೆ. ಗೇರ್ ಕರಕರ ಅನ್ನಿಸ್ಕೊಂಡು ಹೊರಟ್ಹೋದ್ರು."

"ಮುಖ?"

"ಎಲ್ಲಿ ಕಾಣುತ್ತೆ ಮೇಡಂ ಅಷ್ಟು ದೂರಕ್ಕೆ? ಬೇಕಾದ್ರೆ ಆ ಟ್ಯಾಂಕರ್‌ನವನನ್ನ ಸರಿಯಾಗಿ ಕೇಳಿ. ಬೆಳಗ್ಗೆ ಅವನೊಬ್ಬನೇ ಇಲ್ಲಿಗೆ ಬಂದಿದ್ದು."

ಸೈಫುಲ್ಲಾನ ಮುಖ ಕೆಂಪಾಯಿತು. ತನಗಿಂತ ಹತ್ತು ವರ್ಷ ಚಿಕ್ಕವನಿಂದ ಅವನು ಇವನು ಅನ್ನಿಸಿಕೊಂಡು ಮುಖ ತಿರುಗಿಸಿದ.

"ಗಾಡಿ ಹೋದ್ರೆ ಹೋಗ್ಲಿ ಬಿಡಿ," ಎಂದ ಹೃಷಿಕೇಶ, ಕಲ್ಲಿನ ಮೇಲೆ ಕುಸಿದು ಕೂರುತ್ತ. "ಸದ್ಯ, ಅತ್ತೆ ನಿನ್ನೇನೇ ಹಂಸಾ ಮನೆಗೆ ಹೋಗಿದ್ರು. ಇಲ್ಲದಿದ್ರೆ ಅವರೂ ಒಳಗೇ ಇರ್ತಿದ್ರು."

"ಯಾವ ಅತ್ತೆ?" ತರನ್ನುಮ್ ತಟ್ಟನೆ ತಿರುಗಿದಳು.

"ನಮ್ಮ ಸೋದರತ್ತೆ, ತುಂಗಮ್ಮ. ಈ ಟ್ರಿಪ್ಪಿಗೆ ನಮ್ಮ ಜೊತೆ ಬಂದಿದಾರೆ. ಅಜ್ಜಂಪುರದಲ್ಲಿ ಅವರ ತಂಗಿ ಮಗಳು ಹಂಸಾ ಇದಾಳೆ. ಎರಡು ದಿನ ಇದ್ದು ಬರ್ತೀನಿ ಅಂದಿದ್ರು."

"ಒಂದು ಫೋನ್ ಮಾಡಿ."

ತುಂಗಮ್ಮನ ನಂಬರಿಗೆ ಮಾಡಿದರೆ ಎತ್ತಿದ್ದು ಹಂಸಾ.

"ದೊಡ್ಡಮ್ಮ ಫೋನ್ ಇಲ್ಲೇ ಚಾರ್ಜಿಗೆ ಹಾಕಿ ಮರೆತು ಹೋಗಿದಾರೆ ಕಣೋ ಹೃಷಿ. ಯಾಕೆ, ಇನ್ನೂ ಸಿಗ್ಲಿಲ್ವಾ? ನೀವಿಬ್ರೂ ಹಸ್ಕೊಂಡು ಬರ್ತೀರ ಅಂತ ಅಕ್ಕಿ ರೊಟ್ಟಿ ಕಟ್ಟಿಸ್ಕೊಂಡು, ಬೆಳಗ್ಗೇನೇ ಆಟೋದಲ್ಲಿ ಹೊರಟ್ರಲ್ಲ! ಆಟೋದವನು ಬಂದು ಹೇಳ್ದ — ಅವರು ವ್ಯಾನ್ ಬಾಗ್ಲು ತೆಗೆದು ಒಳಗೆ ಹೋಗೋದನ್ನ ನೋಡ್ಕೊಂಡೇ ಬಂದೆ ಅಂತ."

ಹೃಷಿಕೇಶನ ಕೈಯಿಂದ ಫೋನ್ ಜಾರಿತು. ಶ್ರೀವಿದ್ಯಾ ಅದನ್ನು ಹಿಡಿದುಕೊಂಡಳು.

"ಅಯ್ಯೋ ದೇವ್ರೇ! ಕಳ್ಳ ಅತ್ತೇನೂ ಹಾಕ್ಕೊಂಡು ಹೋಗಿದಾನೆ!" ಎಂದು ಕೂಗಿದ ಹೃಷಿಕೇಶ.

"ಎಪ್ಪತ್ತು ವರ್ಷ ಮೇಡಂ. ಮಂಡಿ ಆಪರೇಷನ್ ಆಗಿದೆ. ಬಿಪಿ ಮಾತ್ರೆ ನನ್ನ ಬ್ಯಾಗಲ್ಲಿದೆ..." ಎಂದಳು ಶ್ರೀವಿದ್ಯಾ.

ವಿಶ್ರುತ್ ಮುಂದೆ ಬಂದ. "ಟೈಮ್ ವೇಸ್ಟ್ ಮಾಡೋದು ಬೇಡ. ನೀವೆಲ್ಲ ಶಿವನಿ ರಸ್ತೆ ಹಿಡೀರಿ ಮೇಡಂ. ನನ್ನ ಹತ್ರ ಬೈಕಿದೆ. ಈ ಕಡೆ ಕಾವಲಿನೊಳಗೆ ನಾನೊಬ್ಬನೇ ಒಂದು ಸುತ್ತು ನೋಡ್ಕೊಂಡು ಬರ್ತೀನಿ."

"ಬೇಡ. ನೀವು ನನ್ನ ಜೊತೇಲೇ ಇರಿ," ಎಂದಳು ತರನ್ನುಮ್. ದನಿಯಲ್ಲಿ ಏರಿಳಿತವಿರಲಿಲ್ಲ. "ನಿಮ್ಮ ಕಣ್ಣು ಚುರುಕಾಗಿದೆ. ಬೇಕಾಗುತ್ತೆ. ಈರಭದ್ರಪ್ಪನೋರೇ, ಶಿವನಿಗೆ ವೈರ್‌ಲೆಸ್ ಮಾಡಿ."

ಶಿವನಿ ಕಡೆ ಗಸ್ತಿಗೆ ಹೋಗಿದ್ದ ಜೀಪು ಅದೇ ರಸ್ತೆಯಲ್ಲಿ ಈಗಷ್ಟೇ ಹಿಂತಿರುಗುತ್ತಿತ್ತು. ಅವರ ಉತ್ತರ ತಕ್ಷಣ ಬಂತು. ಬೆಳಗ್ಗಿನಿಂದ ರೈಲ್ವೆ ಸ್ಟೇಷನ್ ಹತ್ತಿರವೇ ಇದ್ದೆವು, ಬಿಳಿ ಕ್ಯಾರವಾನ್ ಬರಲಿಲ್ಲ. ದಾರಿಯಲ್ಲೂ ಎದುರಾಗಲಿಲ್ಲ.

ತರನ್ನುಮ್ ಮತ್ತೆ ಗೂಟಗಳ ಕಡೆ ನೋಡಿದಳು. ಜೋಡಿಸಿಟ್ಟ ಎರಡು ಗೂಟ. ಬಾಗಿದ ಎರಡು ಗೂಟ. ಕಿವಿಯಲ್ಲಿ ಯಾರದೋ ಒಂದು ಮಾತು ಚುಚ್ಚುತ್ತಿತ್ತು — ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ. ಯಾವ ಮಾತು?

ಹೊಳೆಯಿತು. ಅವಳು ಹೃಷಿಕೇಶನ ಎದುರು ಹೋಗಿ ನಿಂತಳು.

"ನಿಮ್ಮತ್ತೆಗೆ ಡ್ರೈವಿಂಗ್ ಬರುತ್ತಾ?"

"ಅತ್ತೆಗಾ?" ಅವನು ಪೆಚ್ಚಾದ. "ಹಿಂದೆ... ಹೆಲ್ತ್ ಡಿಪಾರ್ಟ್‌ಮೆಂಟಲ್ಲಿದ್ರು. ಡ್ರೈವರ್ ರಜಾ ಹಾಕಿದಾಗ ಜೀಪ್ ತಾವೇ ತಗೊಂಡು ಹಳ್ಳಿಗಳಿಗೆ ಹೋಗ್ತಿದ್ರು ಅಂತ ಅಪ್ಪ ಹೇಳೋರು. ಆದರೆ ಈಗ—"

"ಎರಡನೇ ಕೀ?"

"ಒಳಗೆ, ಕಾಫಿಪುಡಿ ಡಬ್ಬದ ಹಿಂದೆ ಇರುತ್ತೆ. ಅತ್ತೆಗೆ ಗೊತ್ತು."

"ಸೈಫುಲ್ಲಾ, ಆ ದಿಬ್ಬದಾಚೆ ಏನಿದೆ?"

"ಹಳೇ ಕಟ್ಟೆ ಆಪಾ. ದನ ನೀರು ಕುಡಿಯೋದು. ಈ ಮಳೆಗಾಲ ಚೆನ್ನಾಗಿ ತುಂಬಿತ್ತು, ಈಗ ಇಳ್ದದೆ. ಸುತ್ತ ಎರೆ ಮಣ್ಣು. ನನ್ ಟ್ರ್ಯಾಕ್ಟ್ರೇ ಹೂತ್ಕೊಳ್ತದೆ. ಫೋನೂ ಸಿಗಕ್ಕಿಲ್ಲ."

"ಈರಭದ್ರಪ್ಪನೋರೇ, ಡಾಕ್ಟ್ರು ಶ್ರೀವಿದ್ಯಾ ಅವರನ್ನೂ ಸೈಫುಲ್ಲಾನನ್ನೂ ಕರ್ಕೊಂಡು ಕಟ್ಟೆಗೆ ಹೋಗಿ. ಗಾಡಿ ಅಲ್ಲಿರುತ್ತೆ. ಬಾಗಿಲು ಬಡೀಬೇಡಿ, ಡಾಕ್ಟ್ರು ಹೆಸರು ಹಿಡಿದು ಕೂಗಲಿ."

ಜೀಪು ದಿಬ್ಬ ಹತ್ತಿ ಮರೆಯಾಯಿತು. ಹೃಷಿಕೇಶ ಹಿಂದೆ ಓಡಲು ಹೊರಟವನು ಅರ್ಧಕ್ಕೆ ನಿಂತ. ವಿಶ್ರುತ್ ಕೈಕಟ್ಟಿಕೊಂಡು ಆಕಾಶ ನೋಡುತ್ತಿದ್ದ. ದೂರದಲ್ಲಿ ಉದ್ದ ಕೊಂಬಿನ ದನಗಳ ಹಿಂಡೊಂದು ತಲೆಯೆತ್ತಿ ಜೀಪು ಹೋದ ಕಡೆ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ವೈರ್‌ಲೆಸ್ ಗೊರಗುಟ್ಟಿತು.

"ಮೇಡಂ, ಸಿಕ್ತು! ಮುಂದಿನ ಚಕ್ರ ಎರಡೂ ಕೆಸರಲ್ಲಿ ಹೂತ್ಹೋಗವೆ. ಅಮ್ಮೋರು ಡ್ರೈವರ್ ಸೀಟಲ್ಲೇ ಅವ್ರೆ. ಹಣೆ ಒಡ್ದದೆ, ಎಚ್ರ ಇಲ್ಲ. ಉಸ್ರು ಚೆನ್ನಾಗೈತೆ ಅಂತಾರೆ ಡಾಕ್ಟ್ರು. ಅಂಬುಲೆನ್ಸ್‌ಗೆ ಹೇಳಿದೀವಿ."

ಹೃಷಿಕೇಶ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. "ಡ್ರೈವರ್ ಸೀಟಲ್ಲಾ? ಅಂದ್ರೆ... ಗಾಡಿ ತಗೊಂಡು ಹೋಗಿದ್ದು ಅತ್ತೇನಾ? ಕಳ್ಳತನಾನೇ ಆಗಿಲ್ವಾ?"

"ಆಗ್ತಾ ಇತ್ತು. ನಿಮ್ಮತ್ತೆ ತಪ್ಪಿಸಿದ್ರು," ಎಂದಳು ತರನ್ನುಮ್. "ಈ ಗೂಟ ನೋಡಿ. ಎರಡನ್ನ ನಿಧಾನವಾಗಿ ಕಿತ್ತು, ಹಗ್ಗ ಸುತ್ತಿ ಇಟ್ಟಿದಾರೆ. ಕ್ಯಾರವಾನ್ ಪಳಗಿದ ಕೈ. ಚಪ್ಪರ ಬಿಚ್ಚದೆ ಹೊರಟ್ರೆ ರಸ್ತೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತೆ ಅಂತ ಗೊತ್ತಿದ್ದವನು. ಇನ್ನೆರಡು? ಗಾಡಿ ಎಳೆದ ರಭಸಕ್ಕೆ ಕಿತ್ತು ಬಂದಿವೆ. ಅಷ್ಟು ತಾಳ್ಮೆಯಿದ್ದವನಿಗೆ ಇದ್ದಕ್ಕಿದ್ದ ಹಾಗೆ ಅವಸರ ಯಾಕೆ ಬಂತು? ಬರಲಿಲ್ಲ. ಬಿಚ್ಚಿದ ಕೈ ಬೇರೆ, ಓಡಿಸಿದ ಕೈ ಬೇರೆ. ಅವನು ಹೊರಗೆ ಗೂಟ ಕೀಳ್ತಿದ್ದಾಗ ಒಳಗಿದ್ದವರು ಸ್ಟಾರ್ಟ್ ಮಾಡಿದ್ರು."

"ಅಜ್ಜಂಪುರಕ್ಕೆ ಹೋಗ್ಬಹುದಿತ್ತಲ್ಲ ಅತ್ತೆ? ಊರು ಆ ಕಡೆ..."

"ಅದೇ ಪ್ರಶ್ನೆ. ಹೆದರಿದವರು ಜನ ಇರೋ ಕಡೆ ಓಡ್ತಾರೆ. ಗೊತ್ತಿರೋ ದಾರಿ ಬಿಟ್ಟು ಹುಲ್ಲಿಗೆ ನುಗ್ಗಿದಾರೆ ಅಂದ್ರೆ, ಯಾರಿಗೆ ಹೆದರಿದ್ರೋ ಅವನು ಊರಿನ ದಾರಿಯಲ್ಲೇ ಇದ್ದ." ಅವಳು ತಿರುಗಿ ಹುಣಸೆ ಮರದ ಕಡೆ ನೋಡಿದಳು. "ಆ ದಾರಿಯಲ್ಲಿ ಇರೋದು ಒಂದೇ ಗಾಡಿ."

ವಿಶ್ರುತ್ ನಕ್ಕ. "ಮೇಡಂ, ಏನ್ ಹೇಳ್ತಿದೀರ? ನೋಡಿದ್ದನ್ನ ಹೇಳಿದ್ದೇ ತಪ್ಪಾಯ್ತಾ?"

"ನೀವು ಹೇಳಿದ್ದರಲ್ಲೇ ಇದೆ ವಿಶ್ರುತ್. ಈರಭದ್ರಪ್ಪ ಕಳ್ಳನನ್ನ ಏನಂದ್ರು? ಬಿಚ್ಚಿಟ್ಟು ಹೋಗವ್ನೆ ಅಂದ್ರು. ಹೃಷಿಕೇಶ್, ನೀವೇನಂದ್ರಿ? ಹಾಕ್ಕೊಂಡು ಹೋಗಿದಾನೆ ಅಂದ್ರಿ. ಕಳ್ಳ ಅಂದ್ರೆ ಎಲ್ಲರ ಬಾಯಲ್ಲೂ ಅವನೇ. ನಾನು ಇವರನ್ನ ಎಷ್ಟು ಜನ ಅಂತ ಕೇಳ್ದೆ. 'ಒಬ್ರೇ ಇದ್ರು' ಅಂದ್ರು. 'ಹೊರಟ್ಹೋದ್ರು' ಅಂದ್ರು." ಅವಳು ಒಂದು ಹೆಜ್ಜೆ ಮುಂದಿಟ್ಟಳು. "ನಿಮಗಿಂತ ದೊಡ್ಡವನಾದ ಸೈಫುಲ್ಲಾನನ್ನ ಅವನು ಅಂದ ಬಾಯಿ ಅದು. ಗಾಡಿ ಕದ್ದವನಿಗೆ ಯಾಕೆ ಮರ್ಯಾದೆ ಕೊಡ್ತು? ಓಡಿಸಿದ್ದು ಬಿಳಿ ಕೂದಲಿನ ಹಿರಿಯ ಹೆಂಗಸು ಅಂತ ನಿಮ್ಮ ಕಣ್ಣು ನೋಡಿತ್ತು. ಆಗ ನಮಗ್ಯಾರಿಗೂ ತುಂಗಮ್ಮ ಒಳಗಿದ್ದದ್ದು ಗೊತ್ತಿರಲಿಲ್ಲ. ಅವರ ಮನೆಯವರಿಗೇ ಗೊತ್ತಿರಲಿಲ್ಲ. ನಿಮಗೆ ಮಾತ್ರ ಗೊತ್ತಿತ್ತು."

ವಿಶ್ರುತ್‌ನ ನಗು ಹಾಗೇ ಮುಖದ ಮೇಲೆ ಒಣಗಿತು.

"ನಮ್ಮನ್ನೆಲ್ಲ ಶಿವನಿಗೆ ಅಟ್ಟಿ, ಬೈಕಲ್ಲಿ ಒಬ್ಬನೇ ಕಾವಲಿಗೆ ಹೋಗ್ತೀನಿ ಅಂದ್ರಿ. ನಿಮ್ಮ ಮುಖ ನೋಡಿದ್ದವರು ಅವರೊಬ್ಬರೇ. ನಮಗಿಂತ ಮೊದಲು ಅವರನ್ನ ಹುಡುಕಿದ್ರೆ ಏನ್ ಮಾಡ್ತಿದ್ರಿ?"

ಅವಳು ಹೃಷಿಕೇಶನ ಕಡೆ ತಿರುಗಿದಳು.

"ಹೃಷಿಕೇಶ್, ಇವರಿಗೆ ಗಾಡಿಯ ವ್ಯವಸ್ಥೆ ಏನಾದರೂ ತೋರಿಸಿದ್ರಾ?"

ಹೃಷಿಕೇಶ ತಲೆಯೆತ್ತಿದ. "ನಿನ್ನೆ ಸಂಜೆ... ಇಂಟರ್‌ವ್ಯೂ ಅಂತ ಕ್ಯಾಮೆರಾ ಹಿಡಿದ. ನಿಮ್ಮ ಸೇಫ್ಟಿ ಐಡಿಯಾಗಳು ಬೇರೆಯವರಿಗೂ ಉಪಯೋಗ ಆಗ್ಲಿ ಅಂದ. ಟ್ರ್ಯಾಕರ್ ಮೆಟ್ಟಿಲ ಹತ್ತಿರ ಅಂತ ಹೇಳ್ದೆ. ಕಾಫಿ ಡಬ್ಬದ ಹಿಂದೆ ಕೀ ತೋರಿಸ್ದೆ. ನಂಬರ್ ಲಾಕ್ ಒತ್ತಿ ಬಾಗಿಲು ತೆಗೆಯೋವಾಗಲೂ ಕ್ಯಾಮೆರಾ ಆನಲ್ಲೇ ಇತ್ತು!"

ಹಸಿರು ವ್ಯಾನಿನಲ್ಲಿ ಆ ವಿಡಿಯೋ ಇತ್ತು. ಅದರ ಜೊತೆ ಹಾಸನದ ಕಡೆಯ ಇಬ್ಬರು ಕ್ಯಾರವಾನ್ ಮಾಲೀಕರ ವಿಡಿಯೋಗಳೂ ಸಿಕ್ಕವು. ಯೂಟ್ಯೂಬಿಗೆ ಯಾವುದನ್ನೂ ಹಾಕಿರಲಿಲ್ಲ. ಆ ಇಬ್ಬರ ಗಾಡಿಗಳೂ ಕಳುವಾಗಿದ್ದವು. ಇಲ್ಲಿಂದ ಕೊಂಡೊಯ್ಯಲು ಬಂದಿದ್ದ ಅವನ ಜೊತೆಗಾರ ಬೀರೂರಿನ ಹತ್ತಿರ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹೊತ್ತು ಮಾಡಿದ ಗೆಳೆಯನನ್ನು ಬೈಯಲು ಫೋನ್ ಮಾಡಿದಾಗ ಎತ್ತಿದ್ದು ಈರಭದ್ರಪ್ಪ.

ತುಂಗಮ್ಮನಿಗೆ ಎಚ್ಚರವಾದದ್ದು ಅಜ್ಜಂಪುರದ ಆಸ್ಪತ್ರೆಯಲ್ಲಿ, ಮಧ್ಯಾಹ್ನ. ಹಣೆಗೆ ಪಟ್ಟಿ, ಕೈಗೆ ಗ್ಲೂಕೋಸ್. ತರನ್ನುಮ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ನಾನ್ ಬಂದಾಗ ಪಕ್ಕದ ವ್ಯಾನಿನೋನು ಇನ್ನೂ ಎದ್ದಂಗಿರ್ಲಿಲ್ಲ. ರೊಟ್ಟಿ ಮುಚ್ಚಿಟ್ಟು, ಪರದೆ ಎಳ್ಕೊಂಡು ಅಡ್ಡಾಗಿದ್ದೆ ಕಣಮ್ಮ," ಎಂದರು ಮೆಲ್ಲಗೆ. "ಕೆಳಗೆ ಏನೋ ಕುಟ್ಟಿದ ಹಂಗಾಯ್ತು. ಹೃಷಿ ಇರ್ಬೇಕು ಅಂದ್ಕೊಂಡೆ. ಪರದೆ ಸರ್ಸಿ ನೋಡಿದ್ರೆ ಪಕ್ಕದ ವ್ಯಾನಿನ ಹುಡುಗ ಗೂಟ ಕೀಳ್ತಾವ್ನೆ. ಕೂಗ್ಕೊಂಡ್ರೆ ಯಾರ್ ಬತ್ತಾರೆ ಆ ಬಯಲಲ್ಲಿ? ಕೀ ತಗೊಂಡೆ, ಸೀಟಲ್ಲಿ ಕೂತೆ. ಸ್ಟಾರ್ಟ್ ಆದ್ ತಕ್ಷಣ ಊರಿನ ದಾರಿಗೆ ಅಡ್ಡ ಬಂದು ನಿಂತ್ಕೊಂಡ. ಕಣ್ಣಲ್ಲಿ ಕಣ್ಣಿಟ್ಟು ನೋಡ್ದ. ಹಾಯ್ಸಿಬಿಡೋಣ ಅನ್ನಿಸ್ತು. ಮನ್ಸು ಬರ್ಲಿಲ್ಲ, ತಿರುಗಿಸ್ದೆ. ಆ ಕಟ್ಟೆ ಒಂದು ಇಲ್ದಿದ್ರೆ ನೋಡ್ತಿದ್ದೆ."

ಹೃಷಿಕೇಶ ಅತ್ತೆಯ ಕೈ ಹಿಡಿದು ಕೂತಿದ್ದ. ಹಂಸಾ ಅಳುತ್ತಲೇ ನಗುತ್ತಿದ್ದಳು. ಬಾಗಿಲ ಬಳಿ ಸೈಫುಲ್ಲಾ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. ಗಾಡಿಯನ್ನು ಆಳುಗಳ ಜೊತೆ ಹಗ್ಗ ಹಾಕಿ ಕೆಸರಿನಿಂದ ಎಳೆದು ತಂದಿದ್ದೇನೆ, ನಮ್ಮ ಮನೆ ಮುಂದೆ ನಿಲ್ಲಿಸಿದ್ದೇನೆ ಎಂದು ಹೇಳಲು ಬಂದಿದ್ದ. ಶ್ರೀವಿದ್ಯಾ ಎದ್ದು ಹೋಗಿ ಅವನನ್ನು ಒಳಗೆ ಕರೆತಂದು ಕೂರಿಸಿದಳು. ಆಮೇಲೆ ತರನ್ನುಮ್ ಕಡೆ ತಿರುಗಿದಳು.

"ಇನ್ನು ಯಾರನ್ನ ನಂಬೋದು ಮೇಡಂ?"

"ಜಾಗ ಕೊಟ್ಟ ಇವನನ್ನ ನಂಬಿದ್ರಿ. ಕೆಟ್ಟಿತಾ?" ತರನ್ನುಮ್ ಟೋಪಿ ಕೈಗೆತ್ತಿಕೊಂಡು ಎದ್ದಳು. "ಜನರನ್ನ ನಂಬಿ. ಕೀ ಎಲ್ಲಿಡ್ತೀರಿ ಅಂತ ಕೇಳಿದವನಿಗೆ ಮಾತ್ರ ಕಾಫಿ ಕೊಟ್ಟು ಕಳಿಸಿ, ಉತ್ತರ ಕೊಡಬೇಡಿ."

ತುಂಗಮ್ಮ ದಿಂಬಿನ ಮೇಲೆ ತಲೆ ಹೊರಳಿಸಿದರು.

"ಏ ಹೃಷಿ, ಗಾಡಿ ರಿಪೇರಿಗೆ ಕಡೂರಿಗೆ ಬಿಟ್ಟಾಗ ಕ್ಲಚ್ಚೂ ನೋಡೋಕೆ ಹೇಳೋ. ಬಲು ಬಿಗಿ. ಮುಂದೆ ಕೆಮ್ಮಣ್ಣುಗುಂಡಿ ಘಾಟಿ ಹತ್ತೋವಾಗ ನನ್ ಕಾಲು ನೋಯ್ತದೆ."

"ನೀವ್ಯಾಕತ್ತೆ ಹತ್ತಿಸ್ತೀರ?"

"ಮತ್ತೆ ನೀನ್ ಹತ್ತಿಸ್ತೀಯೇನೋ?" ಎಂದರು ತುಂಗಮ್ಮ. "ಇವತ್ತು ಓಡಿಸ್ದಾಗ ಗೊತ್ತಾಯ್ತು, ಗೇರ್‌ಬಾಕ್ಸ್ ಹೆಂಗ್ ಹಾಳ್ ಮಾಡಿಟ್ಟಿದೀಯ ಅಂತ."